ಹೆಜ್ಜೇನಿಗೆ ಲೇಬಲ್ ಬಂದ ದಾರಿ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿರುವ ಜೇನುಕುರುಬರಿಗೆ ಜೇನು ಕೀಳುವುದು ಕುಲಕಸುಬು. ಹಸಿ ಸೊಪ್ಪಿನ ಹೊಗೆಗೆ ಹೆಜ್ಜೇನು ಸರಿಯುತ್ತಿದ್ದಂತೆ ತಟ್ಟಿಯಲ್ಲಿ ತುಪ್ಪವಿರುವ ಭಾಗವನ್ನು ಕೊಯ್ದು ಕೆಳಗಿಳಿಸುತ್ತಾರೆ. ಊರಿನವರು ಅದನ್ನು ಕೊಳ್ಳುತ್ತಿದ್ದುದು ಬಾಟಲಿ ಲೆಕ್ಕದಲ್ಲಿ. ಮುಕ್ಕಾಲು ಲೀಟರಿನ ಬಾಟಲಿ ತುಂಬ ಜೇನುತುಪ್ಪ ಹಾಕಿ ತೂಗಿದರೆ ಕಿಲೋ ದಾಟುತ್ತದೆ!

ಈ ತುಪ್ಪಕ್ಕೆ ಮೊದಲು ಅಡ್ಡ ಬಂದದ್ದು ಅರಣ್ಯದ ಕಾನೂನು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನ. ಕಿರು ಅರಣ್ಯ ಉತ್ಪನ್ನ ಕೊಳ್ಳಲು ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಗಳು ಹುಟ್ಟಿಕೊಂಡವು. ಆದರೆ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ, ಇಂಥ ಕಾಡುಗಳಿಂದ ತೆಗೆದದ್ದನ್ನು ಮನೆಬಳಕೆಗಲ್ಲದೆ ವ್ಯಾಪಾರಕ್ಕೆ ಬಳಸಕೂಡದು ಎಂದಿತು. ತಲೆಮಾರುಗಳ ಕಸುಬು ಕಾಗದದ ಮೇಲೆ ಅಪರಾಧವಾಯಿತು. ಇದು ಅನ್ಯಾಯವೇ ಸರಿ.

2006ರ ಅರಣ್ಯ ಹಕ್ಕು ಕಾಯ್ದೆ ಜೇನು, ಮೇಣ ಎರಡನ್ನೂ ಹೆಸರು ಹಿಡಿದು ಹೇಳಿ, ಅವುಗಳ ಒಡೆತನವನ್ನು ಕಾಡಿನ ಜನಕ್ಕೆ ಕೊಟ್ಟಿತು. ಅದೇ ವರ್ಷ ಸಂಸತ್ತು ಆಹಾರ ಸುರಕ್ಷತಾ ಕಾಯ್ದೆಯನ್ನೂ ಅಂಗೀಕರಿಸಿತು. ಅದರ ನಿಯಮಗಳು ಜಾರಿಗೆ ಬಂದದ್ದು 2011ರ ಆಗಸ್ಟ್ 5ರಂದು. ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟಿರುವ ಸಣ್ಣ ವ್ಯಾಪಾರಿಗೆ 100 ರೂಪಾಯಿಯ ನೋಂದಣಿ ಸಾಕಿತ್ತು. ಬಾಟಲಿ ಮೇಲೆ ಮಾತ್ರ ನೋಂದಣಿ ಸಂಖ್ಯೆ, ತಯಾರಕರ ವಿಳಾಸ, ಬ್ಯಾಚ್, ದಿನಾಂಕ, ನಿವ್ವಳ ತೂಕ, ಗರಿಷ್ಠ ಬೆಲೆ ಎಲ್ಲವೂ ಇರಬೇಕು. ಹಸಿರು ಚುಕ್ಕೆಯೂ ಬೇಕು: 2020ರ ಲೇಬಲ್ ನಿಯಮ, ಪ್ರಾಣಿಜನ್ಯವಾದರೂ ಹಾಲಿನಂತೆ ಜೇನನ್ನೂ ಮಾಂಸಾಹಾರದ ಪಟ್ಟಿಯಿಂದ ಹೊರಗಿಟ್ಟಿದೆ.

ನಿಜವಾದ ಇಕ್ಕಟ್ಟು ನೀರಿನದು. ಮೊದಲು ತುಪ್ಪದಲ್ಲಿ ಶೇ. 25ರಷ್ಟು ತೇವಾಂಶಕ್ಕೆ ಅವಕಾಶವಿತ್ತು. 2018ರಲ್ಲಿ ಅದು ಶೇ. 20ಕ್ಕೆ ಇಳಿಯಿತು. ಬಯಲಲ್ಲಿ ಒಂದೇ ತಟ್ಟಿ ಕಟ್ಟುವ ಹೆಜ್ಜೇನಿನ ತುಪ್ಪ ಮೊದಲೇ ತೆಳು. ಮಳೆಗಾಲ ಹತ್ತಿರವಾದಾಗ ಕಿತ್ತರಂತೂ ಇನ್ನಷ್ಟು. ನೀರು ಇಳಿಸಲು ಹೆಚ್ಚು ಕಾಯಿಸಿದರೆ ಎಚ್.ಎಂ.ಎಫ್. ಎಂಬ ಅಂಶ ಏರಿ, ಕಿಲೋಗೆ 80 ಮಿಲಿಗ್ರಾಂ ಮಿತಿ ಮೀರುತ್ತದೆ. ಹದವಾಗಿ ತೇವ ತೆಗೆಯುವ ಯಂತ್ರ ಹಾಡಿಯ ಒಂಟಿ ಮನೆಗೆ ಎಟುಕುವಂಥದ್ದಲ್ಲ, ಸಂಘವೇ ಬೇಕು. ಕಲಬೆರಕೆ ತಡೆಯಲು ಅಳತೆಗೋಲು ಬೇಕೇ ಬೇಕು, ಆದರೆ ಪೆಟ್ಟಿಗೆಯ ತುಡುವೆಗೂ ಮರದ ತುದಿಯ ಹೆಜ್ಜೇನಿಗೂ ಒಂದೇ ಕೋಲು ಸಾಲದು.

ಲೇಬಲ್ಲಿನಲ್ಲಿ ಯಾವ ನೊಣದ ತುಪ್ಪ, ಯಾರು ಕಿತ್ತದ್ದು ಎಂದು ಬರೆಯಬೇಕೆಂಬ ಕಡ್ಡಾಯವಿಲ್ಲ. ಅರಣ್ಯ ಹಕ್ಕು ನಿಯಮಗಳ 2012ರ ತಿದ್ದುಪಡಿಯ ಪ್ರಕಾರ ಸಾಗಣೆಯ ರಹದಾರಿ ಕೊಡುವುದು ಗ್ರಾಮಸಭೆಯ ಸಮಿತಿ. ತುಪ್ಪ ಬಂದ ಹಾಡಿಯ ಹೆಸರನ್ನು ಬಾಟಲಿಗೂ ಹಾಕಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಲ್ಯಾಂಪ್ಸ್ ಸಂಘಗಳೇ ಮೊದಲು ಮಾಡಬಹುದಾದ ಕೆಲಸವಿದು.