ತಂತಿಯ ಮೇಲೆ ಹೋದ ಎದೆಬಡಿತ: ಇಸಿಜಿ ಬಂದ ದಾರಿ

ತೆಂಗಳಿ, ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಕಡೆ ಹೋದರೂ ಎದಿ ಹಿಡಿದಂಗ ಆದಾಗ ಮನೆಯಲ್ಲಿ ಮೊದಲು ಬರೋ ಮಾತು ಒಂದೇ: "ಗ್ಯಾಸ್ ಆಗಿರಬೇಕು ಬಿಡ್ರಿ, ಸೋಡಾ ಕುಡೀರಿ." ಅದು ಗ್ಯಾಸೋ, ಹೃದಯಾಘಾತವೋ? ಹೊರಗಿನಿಂದ ನೋಡಿ ಹೇಳೋದು ಡಾಕ್ಟರಿಗೂ ಕಷ್ಟ. ಅದಕ್ಕೇ ಇಸಿಜಿ ಬೇಕು. ಇವತ್ತು ಅದರ ಇತಿಹಾಸ ಕೇಳೋಣ.

ಹೃದಯಕ್ಕೆ ನಾಲ್ಕು ಕೋಣೆ. ಮೇಲಿನ ಎರಡು ಹೃತ್ಕರ್ಣ, ಕೆಳಗಿನ ಎರಡು ಹೃತ್ಕುಕ್ಷಿ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಒಂದು ಸಣ್ಣ ಗಂಟಿದೆ. ಯಾರೂ ಹೇಳದೇ ತಾನೇ ವಿದ್ಯುತ್ ಹುಟ್ಟಿಸುತ್ತೆ. ಇದನ್ನು ಗುರುತಿಸಿದ್ದು 1907ರಲ್ಲಿ, ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್. ಅಲ್ಲಿಂದ ಹೊರಟ ವಿದ್ಯುತ್ ನಡುವಿನ ಇನ್ನೊಂದು ಗಂಟಿನಲ್ಲಿ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ನಿಲ್ಲುತ್ತೆ. ಆ ಎರಡನೇ ಗಂಟನ್ನು 1906ರಲ್ಲಿ ವಿವರಿಸಿದವರು ಜಪಾನಿನ ಸುನಾವೊ ತವಾರಾ. ಯಾಕೆ ನಿಲ್ಲಬೇಕು? ಕೆಳಗಿನ ಕೋಣೆಗಳಿಗೆ ರಕ್ತ ತುಂಬೋಕೆ ಅಷ್ಟು ಸಮಯ ಬೇಕಲ್ಲ!

ಈ ವಿದ್ಯುತ್ತನ್ನು ಎದೆ ಸೀಳದೇ ಹೊರಗಿನಿಂದಲೇ ಹಿಡಿಯಬಹುದು ಅಂತ 1887ರಲ್ಲಿ ಲಂಡನ್ನಿನಲ್ಲಿ ತೋರಿಸಿದ್ದು ಅಗಸ್ಟಸ್ ವಾಲರ್. ಆದರೆ ಗೆರೆ ಸ್ಪಷ್ಟವಾಗಿರಲಿಲ್ಲ. ಅದನ್ನು ಸರಿಮಾಡಿದವರು ನೆದರ್ಲೆಂಡ್ಸಿನ ಲೈಡನ್ ಊರಿನ ವಿಲ್ಲೆಮ್ ಐಂಥೋವೆನ್. ಅವರ ಯಂತ್ರದ ತೂಕ ಸುಮಾರು 270 ಕೆಜಿ, ನಡೆಸೋಕೆ ಐದು ಜನ! ರೋಗಿ ಉಪ್ಪುನೀರಿನ ಪಾತ್ರೆಯಲ್ಲಿ ಕೈಕಾಲು ಇಟ್ಟುಕೊಂಡು ಕೂರಬೇಕಿತ್ತು. ಇವತ್ತಿಗೂ ಇಸಿಜಿ ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಅನ್ನೋದು ಅವರಿಟ್ಟ ಹೆಸರೇ. 1924ರಲ್ಲಿ ನೊಬೆಲ್ ಬಂತು.

ನಮಗೆ ಮುಖ್ಯವಾದದ್ದು ಇನ್ನೊಂದಿದೆ. ಯಂತ್ರ ಇದ್ದದ್ದು ಲ್ಯಾಬಿನಲ್ಲಿ, ರೋಗಿಗಳು ಇದ್ದದ್ದು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ. 1905ರಲ್ಲಿ ಐಂಥೋವೆನ್ ಟೆಲಿಫೋನ್ ತಂತಿ ಮೂಲಕ ಎದೆಬಡಿತವನ್ನೇ ಲ್ಯಾಬಿಗೆ ತರಿಸಿಕೊಂಡರು. ರೋಗಿ ಅಲ್ಲೇ, ಗೆರೆ ಮಾತ್ರ ಇಲ್ಲಿ.

ಕರ್ನಾಟಕ ಈಗ ಮಾಡ್ತಿರೋದೂ ಇದನ್ನೇ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ 2024ರಲ್ಲಿ ಶುರುವಾಯ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ಹೃದ್ರೋಗ ತಜ್ಞರಿಗೆ ಹೋಗುತ್ತೆ. ರಕ್ತನಾಳ ಕಟ್ಟಿದ್ದರೆ, ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸ್ತಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಕಲಬುರಗಿಯಲ್ಲೇ 371 ಹಾಸಿಗೆಯ ಜಯದೇವ ಆಸ್ಪತ್ರೆ ಕಟ್ಟಡ ಉದ್ಘಾಟನೆಯಾಯ್ತು. 371 ಯಾಕೆ ಅಂತ ಈ ಭಾಗದವರಿಗೆ ಹೇಳಬೇಕಿಲ್ಲ!

ಒಂದು ಎಚ್ಚರ. ಮೊದಲ ಇಸಿಜಿ ಸರಿ ಇದ್ದರೂ ಹೃದಯಾಘಾತ ಇಲ್ಲ ಅಂತಲ್ಲ. ಅದಕ್ಕೇ ಡಾಕ್ಟರು ಮತ್ತೆ ತೆಗೀತಾರೆ, ರಕ್ತ ಪರೀಕ್ಷೆನೂ ಮಾಡ್ತಾರೆ. ಕಟ್ಟಿದ ರಕ್ತನಾಳದ ಮುಂದಿನ ಹೃದಯ ಸ್ನಾಯು ನಿಮಿಷ ನಿಮಿಷಕ್ಕೂ ಸಾಯ್ತಿರುತ್ತೆ. ಸತ್ತ ಸ್ನಾಯು ಮತ್ತೆ ಬೆಳೆಯಲ್ಲ.

ಗೆರೆ ಈಗ ಕ್ಷಣದಲ್ಲಿ ಬೆಂಗಳೂರಿಗೂ ಹೋಗುತ್ತೆ. ಆದರೆ ಮನೆಯಿಂದ ತಾಲ್ಲೂಕು ಆಸ್ಪತ್ರೆವರೆಗೆ ಮನುಷ್ಯನೇ ಹೋಗಬೇಕು. ಅಪ್ಪ, ಕಾಕಾ, ಯಾರಾದರೂ ಎದೆ ಹಿಡಿದುಕೊಂಡು ಕೂತರೆ ಸೋಡಾ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ.