ಸ್ಮಾರ್ಟ್‌ಫೋನ್ ಬ್ಯಾಟರಿಯ ಬದಲಾವಣೆ

ಬಳಕೆಯಿಂದ ಸಾಮರ್ಥ್ಯ ಕುಂದಿದ ಮೊಬೈಲ್ ಬ್ಯಾಟರಿಯನ್ನು ತೆಗೆದು, ಅದೇ ಮಾದರಿಯ ಹೊಸದನ್ನು ಅಳವಡಿಸುವುದನ್ನು ಸ್ಮಾರ್ಟ್‌ಫೋನ್ ಬ್ಯಾಟರಿಯ ಬದಲಾವಣೆ ಎನ್ನಲಾಗುತ್ತದೆ. ಇದನ್ನು ನಿರ್ಧರಿಸಲು ಬ್ಯಾಟರಿಯ ವಯಸ್ಸೊಂದೇ ಸಾಲದು. ಉಳಿದಿರುವ ಸಾಮರ್ಥ್ಯ ಮತ್ತು ಫೋನಿನ ವರ್ತನೆಯನ್ನೂ ಗಮನಿಸಬೇಕಾಗುತ್ತದೆ.

== ಸಾಮರ್ಥ್ಯ ಕುಂದಲು ಕಾರಣ ==

ಸ್ಮಾರ್ಟ್‌ಫೋನುಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಸೋನಿ ಸಂಸ್ಥೆಯು 1991ರಲ್ಲಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಅಭಿವೃದ್ಧಿಗಾಗಿ ಜಾನ್ ಗುಡೆನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೊಶಿನೊ ಅವರಿಗೆ 2019ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿ ದೊರೆಯಿತು. ಚಾರ್ಜ್ ಮಾಡಿದಂತೆಲ್ಲ ವಿದ್ಯುದಗ್ರದ ಮೇಲಿನ ತೆಳುಪದರ ದಪ್ಪವಾಗುತ್ತ, ಸ್ವಲ್ಪ ಸ್ವಲ್ಪ ಲಿಥಿಯಂ ಅದರಲ್ಲಿಯೇ ಉಳಿದುಬಿಡುತ್ತದೆ. ಒಳಗಿನ ವಿದ್ಯುತ್ ರೋಧವೂ ಏರುತ್ತದೆ. ಒಂದು ದಿನ ಅರ್ಧ, ಮರುದಿನ ಅರ್ಧ ಬಳಸಿದರೆ ಒಂದು ಚಾರ್ಜಿಂಗ್ ಆವರ್ತವೆಂದು ಲೆಕ್ಕ. ಐಫೋನ್ 14 ಹಾಗೂ ಅದಕ್ಕಿಂತ ಹಿಂದಿನವು 500 ಆವರ್ತಗಳ ನಂತರ, ಐಫೋನ್ 15ರ ಮಾದರಿಗಳು 1000 ಆವರ್ತಗಳ ನಂತರ ಶೇ. 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುವಂತೆ ರೂಪಿಸಲಾಗಿವೆ ಎಂದು ತಯಾರಕರು ಹೇಳುತ್ತಾರೆ.

ಬ್ಯಾಟರಿಗೆ ಶಾಖವೇ ದೊಡ್ಡ ಶತ್ರು. 35 ಡಿಗ್ರಿ ಸೆಲ್ಸಿಯಸ್ ಮೀರಿದ ವಾತಾವರಣದಲ್ಲಿ ಫೋನ್ ಬಳಸಬಾರದೆಂದು ಆ್ಯಪಲ್ ಸೂಚಿಸುತ್ತದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಏಪ್ರಿಲ್-ಮೇ ತಿಂಗಳ ಹಗಲಿನ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೇರುವುದರಿಂದ ಈ ಸೂಚನೆಯನ್ನು ಅಕ್ಷರಶಃ ಪಾಲಿಸುವುದು ಕಷ್ಟ. ಆದರೂ ಕಬ್ಬಿನ ಗದ್ದೆಯ ಬದುವಿನಲ್ಲಿ, ಟ್ರ್ಯಾಕ್ಟರಿನ ಮೇಲೆ ಅಥವಾ ಬೈಕಿನ ಹಿಡಿಕೆಯ ಬಳಿ ಬಿಸಿಲಿಗೆ ಫೋನ್ ಇಡದಿರುವುದು, ಬಿಸಿಯಾದ ಫೋನನ್ನು ತಣ್ಣಗಾಗುವವರೆಗೆ ಚಾರ್ಜಿಗೆ ಹಾಕದಿರುವುದು ಯಾರಿಗಾದರೂ ಸಾಧ್ಯ.

== ಗುರುತಿಸುವ ಬಗೆ ==

ಐಫೋನುಗಳಲ್ಲಿಯೂ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿಯೂ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯವನ್ನು ನೋಡಬಹುದು. ಅದು ಶೇ. 80ಕ್ಕಿಂತ ಕೆಳಗಿಳಿದು, ದಿನದ ಬಳಕೆಗೆ ಚಾರ್ಜ್ ಸಾಲದಿದ್ದರೆ ಬದಲಾವಣೆ ಯೋಗ್ಯ. ಶೇ. 20 ಅಥವಾ 30 ತೋರಿಸುತ್ತಿರುವಾಗಲೇ ಫೋನ್ ಥಟ್ಟನೆ ಆರಿಹೋಗುವುದು ಇನ್ನೂ ಸ್ಪಷ್ಟ ಲಕ್ಷಣ. ಕ್ಯಾಮೆರಾದಂತಹ ಹೆಚ್ಚು ವಿದ್ಯುತ್ ಬೇಡುವ ಕೆಲಸ ಬಂದೊಡನೆ ಹಳೆಯ ಬ್ಯಾಟರಿಯ ವೋಲ್ಟೇಜ್ ಕುಸಿಯುವುದೇ ಇದಕ್ಕೆ ಕಾರಣ. ಹೀಗೆ ಆರಿಹೋಗುವುದನ್ನು ತಡೆಯಲು ಹಳೆಯ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸಿದ್ದಾಗಿ ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಅಂತಹ ಫೋನುಗಳಿಗೆ ಬೇಕಾಗಿದ್ದುದು ಹೊಸ ಬ್ಯಾಟರಿಯೇ ಹೊರತು ಹೊಸ ಫೋನಲ್ಲ.

ಬೇಗನೆ ಚಾರ್ಜ್ ಇಳಿದ ಮಾತ್ರಕ್ಕೆ ಬ್ಯಾಟರಿ ಕೆಟ್ಟಿದೆ ಎನ್ನಲಾಗದು. ದುರ್ಬಲ ನೆಟ್‌ವರ್ಕ್ ಇರುವಲ್ಲಿ ಫೋನ್ ಹೆಚ್ಚು ವಿದ್ಯುತ್ ಬಳಸುತ್ತದೆ. ಹಿನ್ನೆಲೆಯಲ್ಲಿ ನಡೆಯುವ ಆ್ಯಪ್‌ಗಳದೂ ಅದೇ ಕಥೆ. ನಿಧಾನವಾಗಿ ಚಾರ್ಜ್ ಆಗುತ್ತಿದ್ದರೆ ಮೊದಲು ಕೇಬಲ್, ಚಾರ್ಜರ್ ಬದಲಿಸಿ ನೋಡುವುದು ಲೇಸು.

== ಉಬ್ಬಿದ ಬ್ಯಾಟರಿ ==

ಪರದೆಯ ಅಂಚು ಮೇಲೇಳುವುದು, ಹಿಂಬದಿ ಉಬ್ಬುವುದು, ಮೇಜಿನ ಮೇಲಿಟ್ಟ ಫೋನ್ ಸಮವಾಗಿ ಕೂರದೆ ಅಲುಗಾಡುವುದು ಬ್ಯಾಟರಿಯೊಳಗೆ ಅನಿಲ ತುಂಬಿರುವುದರ ಸೂಚನೆ. ಇಲ್ಲಿ ಶೇಕಡಾವಾರು ಲೆಕ್ಕ ಅಪ್ರಸ್ತುತ. ಫೋನನ್ನು ಆಫ್ ಮಾಡಿ, ಚಾರ್ಜಿಗೆ ಹಾಕದೆ ಸೇವಾ ಕೇಂದ್ರಕ್ಕೆ ಒಯ್ಯಬೇಕು. ಒತ್ತಿ ಸಮ ಮಾಡಲು ಅಥವಾ ಸೂಜಿಯಿಂದ ಚುಚ್ಚಿ ಗಾಳಿ ಬಿಡಲು ಹೋದರೆ ಬೆಂಕಿ ಹೊತ್ತಿಕೊಳ್ಳಬಹುದು.

== ವಿಲೇವಾರಿ ==

ಭಾರತದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಇತರ ಕಸದೊಂದಿಗೆ ಬೆರೆಸುವಂತಿಲ್ಲ. ಅದರ ಸಂಗ್ರಹ ಹಾಗೂ ಮರುಬಳಕೆಯ ಹೊಣೆ ಉತ್ಪಾದಕರದು. ಹೊಸದನ್ನು ಹಾಕಿಸಿದಲ್ಲಿಯೇ ಹಳೆಯದನ್ನು ಒಪ್ಪಿಸುವುದು ಗ್ರಾಹಕರಿಗೆ ಸುಲಭವಾದ ಮಾರ್ಗ.