ಪೇಟೆಯೂ ಕೇರಿಯೂ: ಭಟ್ಕಳ, ಹೊನ್ನಾವರ, ಕುಮಟೆಗಳ ಪಣ್ಯಸ್ಥಾನಗಳ ಜೀರ್ಣತೆ ಮತ್ತು ಪುನರ್ವಸತಿ

ವ್ಯಾಪಾರಕ್ಕಾಗಿಯೇ ಕಟ್ಟಿದ ಸ್ಥಳವು ತನ್ನ ವ್ಯಾಪಾರವನ್ನು ಕಳೆದುಕೊಂಡ ಬಳಿಕ ಅದರ ಗತಿಯೇನು ಎಂಬ ಪ್ರಶ್ನೆಯು ಈಚಿನ ವರ್ಷಗಳಲ್ಲಿ ಅಮೆರಿಕಾ ದೇಶದಲ್ಲಿ ಬಹಳ ಚರ್ಚೆಗೆ ಒಳಗಾಗಿದೆ. ಅಲ್ಲಿಯ ನಗರಗಳ ಹೊರವಲಯಗಳಲ್ಲಿ ಹುಟ್ಟಿಕೊಂಡ ಮಾಲ್‌ಗಳೆಂಬ ಅಂಗಡಿಸಮುಚ್ಚಯಗಳಲ್ಲಿ ಪ್ರಸಿದ್ಧವಾದ ಸೌತ್‌ಡೇಲ್ 1956ರಲ್ಲಿ ಮಿನಿಯಾಪೊಲಿಸ್ ನಗರದ ಬಳಿ ತೆರೆಯಲ್ಪಟ್ಟಿತು. ಅದನ್ನು ರಚಿಸಿದ ವಿಯೆನ್ನಾ ನಗರದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ನನು ಅಂಗಡಿಗಳ ಸುತ್ತಲೂ ವಾಸದ ಮನೆಗಳು, ಪಾಠಶಾಲೆ, ಚಿಕಿತ್ಸಾಲಯ, ಉದ್ಯಾನ ಇವೆಲ್ಲವೂ ಇರಬೇಕೆಂದು ಸಂಕಲ್ಪಿಸಿದ್ದನು. ಕಟ್ಟಿದವರು ಲಾಭದಾಯಕವಾದ ಅಂಗಡಿಗಳನ್ನು ಮಾತ್ರ ಕಟ್ಟಿ ಉಳಿದುದನ್ನು ಕೈಬಿಟ್ಟರು. ತನ್ನ ವೃದ್ಧಾಪ್ಯದಲ್ಲಿ ಗ್ರೂಯೆನ್ನನು ಇಂಥ ಕಟ್ಟಡಗಳ ಪಿತೃತ್ವವನ್ನೇ ನಿರಾಕರಿಸಿದನು. ಅರ್ಧ ಶತಮಾನ ತುಂಬುವುದರೊಳಗಾಗಿ ಅವುಗಳಲ್ಲಿ ಅನೇಕವು ಗಿರಾಕಿಗಳಿಲ್ಲದೆ ಬರಿದಾದುವು. ಕೊಲೊರಾಡೋ ಸಂಸ್ಥಾನದ ಲೇಕ್‌ವುಡ್ ಎಂಬಲ್ಲಿ 1966ರಲ್ಲಿ ತೆರೆದಿದ್ದ ವಿಲ್ಲಾ ಇಟಾಲಿಯಾವನ್ನು ಕೆಡವಿ, ಆ ನೆಲದಲ್ಲಿ ಬೀದಿಗಳನ್ನು ಹೊಸದಾಗಿ ತೆಗೆದು, ಅಂಗಡಿಗಳ ಮೇಲೆ ಮನೆಗಳನ್ನು ಕಟ್ಟಿ, 2004ರಿಂದ ಬೆಲ್ಮಾರ್ ಎಂಬ ಜನವಸತಿಯನ್ನು ನೆಲೆಗೊಳಿಸಲಾಯಿತು. ಪಣ್ಯಶಾಲೆಯನ್ನು ಕೆಡವಿ ಊರನ್ನು ಮಾಡುವ ಈ ಕಾರ್ಯವು ಅಲ್ಲಿ ಹೊಸ ಶೋಧವೆಂದು ಎಣಿಸಲ್ಪಟ್ಟಿದೆ.

ಕನ್ನಡ ಕರಾವಳಿಯ ಚರಿತ್ರೆಯನ್ನು ಬಲ್ಲವರಿಗೆ ಇದರಲ್ಲಿ ಶೋಧವೆಂಬುದೇನೂ ತೋರಲಾರದು. ಕ್ರಯವಿಕ್ರಯದ ಬೀದಿಗೆ ಪೇಟೆಯೆಂದೂ ಜನರು ಕೂಡಿ ವಾಸಿಸುವ ಬೀದಿಗೆ ಕೇರಿಯೆಂದೂ ನಮ್ಮಲ್ಲಿ ಹೆಸರು. ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿಯೂ ಮಾಳಿಗೆಯಲ್ಲಿಯೂ ಸಂಸಾರ, ಕೂಗಳತೆಯಲ್ಲಿ ದೇವಸ್ಥಾನವೋ ಮಸೀದಿಯೋ ಇರುವ ಬೀದಿಯಲ್ಲಿ ಪೇಟೆಯೆಲ್ಲಿ ಮುಗಿಯಿತು, ಕೇರಿಯೆಲ್ಲಿ ಮೊದಲಾಯಿತು ಎಂದು ಗೆರೆಯೆಳೆಯುವುದು ಕಷ್ಟ. ಆದರೂ ಎಲ್ಲ ಪೇಟೆಗಳೂ ಬಾಳಿ ಉಳಿದಿಲ್ಲ. ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ಉತ್ತರಕನ್ನಡ ಜಿಲ್ಲೆಯ ದಕ್ಷಿಣದ ಮೂರು ರೇವುಪಟ್ಟಣಗಳಿಂದ ಪರೀಕ್ಷಿಸಬಹುದಾಗಿದೆ.

ಭಟ್ಕಳವು ವಿಜಯನಗರದ ಮುಖ್ಯವಾದ ಕಡಲಬಾಗಿಲುಗಳಲ್ಲೊಂದು. ಅರಬ್ಬೀ ಕುದುರೆಗಳು ಇಲ್ಲಿ ಇಳಿದು ಘಟ್ಟವನ್ನೇರಿ ರಾಯರ ಲಾಯಗಳನ್ನು ಸೇರುತ್ತಿದ್ದುವು; ಅಕ್ಕಿ, ಮೆಣಸು, ಸಕ್ಕರೆಗಳು ಇಲ್ಲಿಂದ ಹೊರಡುತ್ತಿದ್ದುವು. ಊರಿನ ಜೈನ ಬಸದಿಗಳೂ, ಖೇತಪೈ ಎಂಬ ವರ್ತಕನ ಹೆಸರಿನ ನಾರಾಯಣ ದೇವಸ್ಥಾನವೂ ಆ ಸಂಪತ್ತಿಗೆ ಇಂದಿಗೂ ಸಾಕ್ಷಿಯಾಗಿವೆ. ದೇವಾಲಯದ ಹೆಸರಿನಲ್ಲಿ ಅರಸನ ಬದಲು ವರ್ತಕನು ನಿಂತಿರುವುದು ಆ ಊರಿನ ಸ್ವಭಾವವನ್ನು ಚೆನ್ನಾಗಿ ಸೂಚಿಸುತ್ತದೆ. ಈ ಐಶ್ವರ್ಯಕ್ಕೆ 16ನೆಯ ಶತಮಾನದಲ್ಲಿ ಪೆಟ್ಟುಗಳ ಮೇಲೆ ಪೆಟ್ಟುಗಳು ಬಿದ್ದುವು. 1502ರಲ್ಲಿ ವಾಸ್ಕೋ ದ ಗಾಮನು ಇಲ್ಲಿಯವರ ಮೇಲೆ ಕಪ್ಪವನ್ನು ಹೊರಿಸಿದನು. 1542ರಲ್ಲಿ ಮಾರ್ತಿಂ ಅಫೋನ್ಸೋ ದ ಸೋಜನು ಊರನ್ನು ಕೊಳ್ಳೆಹೊಡೆದು ಸುಟ್ಟನು. 1565ರಲ್ಲಿ ವಿಜಯನಗರವೇ ಮುರಿದುಬಿದ್ದುದರಿಂದ ಕುದುರೆಗಳನ್ನು ಕೊಳ್ಳುವವರೇ ಇಲ್ಲವಾದರು. ಮಾಲೂ ಹೋಯಿತು, ಗಿರಾಕಿಯೂ ಹೋದನು, ಕಟ್ಟಡಗಳೂ ಸುಟ್ಟವು. ಪಣ್ಯಸ್ಥಾನವೊಂದು ನಿರ್ನಾಮವಾಗಲು ಇದಕ್ಕಿಂತ ಹೆಚ್ಚಿನ ಕಾರಣಗಳು ಬೇಕಿಲ್ಲ.

ಆದರೆ ಭಟ್ಕಳವು ನಿರ್ನಾಮವಾಗಲಿಲ್ಲ. 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿ 500 ಮನೆಗಳನ್ನೂ ಎರಡು ಮಸೀದಿಗಳನ್ನೂ ಅನೇಕ ಗುಡಿಗಳನ್ನೂ ಎಣಿಸಿದನು. ಅವನ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ: ಇಲ್ಲಿಯ ಮುಸಲ್ಮಾನರಲ್ಲಿ ಅನೇಕರು ಧನವಂತರು, ಅವರು ವ್ಯಾಪಾರಕ್ಕಾಗಿ ಕರಾವಳಿಯ ನಾನಾ ಕಡೆಗಳಿಗೆ ಹೋಗುವರಾದರೂ ಭಟ್ಕಳವನ್ನೇ ತವರೆಂದೆಣಿಸಿ ಹೆಂಡಿರುಮಕ್ಕಳನ್ನು ಇಲ್ಲಿಯೇ ಬಿಟ್ಟಿರುವರು ಎಂಬುದು. ರೇವಿನ ಹಡಗುಗಳು ನಿಂತ ಮೇಲೆಯೂ ಊರು ನಿಲ್ಲದಿದ್ದುದರ ಗುಟ್ಟು ಇಲ್ಲಿದೆ. ವ್ಯಾಪಾರವು ಊರನ್ನು ಬಿಟ್ಟುಹೋಯಿತು. ವ್ಯಾಪಾರಿಯು ಅದರ ಬೆನ್ನುಹತ್ತಿ ಹೋದನು. ಮನೆಯು ಮಾತ್ರ ಕದಲಲಿಲ್ಲ. ಮನೆಯಿದ್ದಲ್ಲಿ ಅಕ್ಕಿ, ಉಪ್ಪು, ಮೀನು, ಬಟ್ಟೆಗಳ ನಿತ್ಯದ ಅಂಗಡಿಯೂ ಇರಲೇಬೇಕು. ಹೀಗೆ ಪರದೇಶದ ಕುದುರೆಯನ್ನು ಮಾರುತ್ತಿದ್ದ ಪೇಟೆಯು ನೆರೆಮನೆಯವರಿಗೆ ಮಾರುವ ಪೇಟೆಯಾಗಿ ಬದುಕಿತು. ನವಾಯತರ ಈ ಪದ್ಧತಿಯು ಮುಂದೆಯೂ ಮುರಿಯಲಿಲ್ಲ. ಮದರಾಸು, ಮುಂಬಯಿ, ಕೊಲಂಬೋಗಳಿಂದಲೂ, 20ನೆಯ ಶತಮಾನದ ಉತ್ತರಾರ್ಧದಲ್ಲಿ ಪರ್ಷಿಯನ್ ಕೊಲ್ಲಿಯ ನಗರಗಳಿಂದಲೂ ಗಳಿಕೆಯು ಇದೇ ಕೇರಿಗಳಿಗೆ ಬಂದಿತು. 1919ರಲ್ಲಿ ಸ್ಥಾಪಿತವಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯು ಊರಿನಲ್ಲಿ ವಿದ್ಯಾಲಯಗಳನ್ನು ನಡಸಿತು.

ಇದಕ್ಕೆ ವಿರುದ್ಧವಾದ ನಿದರ್ಶನವು ಹೊನ್ನಾವರದಿಂದ ಶರಾವತಿಯಲ್ಲಿ ಸುಮಾರು 30 ಕಿಲೋಮೀಟರು ಮೇಲಕ್ಕಿರುವ ಗೇರುಸೊಪ್ಪೆ. ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ರಾಜಧಾನಿಯದು. 17ನೆಯ ಶತಮಾನದ ಆದಿಯಲ್ಲಿ ಅದು ಕೆಳದಿಯ ವೆಂಕಟಪ್ಪನಾಯಕನ ವಶವಾಯಿತು. ಕೆಲವೇ ವರ್ಷಗಳ ತರುವಾಯ, 1623ರಲ್ಲಿ, ಇಕ್ಕೇರಿಗೆ ಹೋಗುತ್ತ ಇಲ್ಲಿ ತಂಗಿದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಕಂಡುದು ಕಾಡುಬೆಳೆದ ಹಾಳೂರನ್ನು, ಒಂದಿಷ್ಟು ಗುಡಿಸಲುಗಳನ್ನು. ಆ ನೆಲೆಗೆ ಇಂದಿಗೂ ನಗರಬಸ್ತಿಕೇರಿ ಎಂಬ ಹೆಸರಿದೆ. ಹೆಸರಿನ ಮೂರು ಪದಗಳಲ್ಲಿ ನಗರವು ಹೋಯಿತು, ಹಳೆಯ ಕೇರಿಯು ಹೋಯಿತು. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿಯು ಮಾತ್ರ ವನಮಧ್ಯದಲ್ಲಿ ನಿಂತಿದೆ. ಭವ್ಯವಾದ ಕಟ್ಟಡವಿದ್ದರೆ ಊರು ಉಳಿಯುವುದೆಂಬ ಭಾವನೆಯು ಎಷ್ಟು ಅಸಾರವಾದುದೆಂಬುದನ್ನು ಅರಿಯಲು ಈ ಒಂದು ಬಸದಿಯೇ ಸಾಕು. ಮೆಣಸು ಬೆಳೆಯುವುದನ್ನು ಯಾರೂ ನಿಲ್ಲಿಸಲಿಲ್ಲ; ಅದರ ಒಡೆತನವು ಇಕ್ಕೇರಿಗೆ ಹೋಯಿತು. ಅರಮನೆಯನ್ನು ಆಶ್ರಯಿಸಿದ್ದ ಪೇಟೆಯು ಅರಮನೆಯೊಡನೆಯೇ ಅಳಿಯಿತು.

ಹೊನ್ನಾವರದ ಕಥೆಯನ್ನು ಸಂಕ್ಷೇಪವಾಗಿಯೇ ಹೇಳಬಹುದು. 14ನೆಯ ಶತಮಾನದಲ್ಲಿ ಇಬ್ನ್ ಬತೂತನು ಇಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಹಡಗುಗಳ ರೇವೊಂದರಲ್ಲಿ ಶಾಲೆಗಳನ್ನೆಣಿಸುವಷ್ಟು ಕೇರಿಯು ಬಲವಾಗಿದ್ದಿತೆಂಬುದು ಗಮನಾರ್ಹ. 1569ರಲ್ಲಿ ಪೋರ್ತುಗೀಜರ ಕೈಸೇರಿ, ಬಳಿಕ ಕೆಳದಿಯವರಿಗೂ ಹೈದರನಿಗೂ ದಕ್ಕಿದ ಈ ಊರನ್ನು 1784ರ ಮಂಗಳೂರು ಒಪ್ಪಂದದಿಂದ ಮರಳಿ ಪಡೆದ ಟಿಪ್ಪುವು ನೆಲಸಮ ಮಾಡಿಸಿದನೆಂದು ಬುಕಾನನ್ನನು ಹೇಳುತ್ತಾನೆ. ಅವನು ಬಂದಾಗ ವರ್ತಕರು ಇನ್ನೂ ಹಿಂತಿರುಗುತ್ತಲಿದ್ದರಷ್ಟೆ. ಹೊನ್ನಾವರವು ತಿರುಗಿ ಎದ್ದಿತಾದರೂ ಅದರ ಹಿಂದಿನ ಪಾಲಿನ ಬಹುಭಾಗವು ಅಷ್ಟರಲ್ಲಿ ಉತ್ತರದ ನೆರೆಯೂರಿಗೆ ದಾಟಿದ್ದಿತು.

ಆ ನೆರೆಯೂರೇ ಕುಮಟಾ. ಇಂದಿನ ಮಾಲಿನೊಡನೆ ಸಾದೃಶ್ಯವು ಅತ್ಯಂತ ಸಮೀಪವಾಗಿರುವುದು ಇಲ್ಲಿಯೇ. ಏಕೆಂದರೆ 19ನೆಯ ಶತಮಾನದ ಕುಮಟೆಯು ಒಂದೇ ಸರಕಿನ ಬಲದಿಂದ ಬೆಳೆದುದು. ಧಾರವಾಡ ಸೀಮೆಯ ಹತ್ತಿಯು ಹೇರೆತ್ತುಗಳ ಮೇಲೂ ಗಾಡಿಗಳಲ್ಲಿಯೂ ಘಟ್ಟವಿಳಿದು ಇಲ್ಲಿಯ ವಖಾರಿಗಳಲ್ಲಿ ತುಂಬಿ, ಪತ್ತೇಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿದ್ದಿತು. ಅಳಿವೆಯು ಆಳವಿಲ್ಲದುದು, ಮಳೆಗಾಲದಲ್ಲಿ ರೇವು ಮುಚ್ಚಿರುವುದು. ಆದರೂ 1861ರಿಂದ 1865ರ ವರೆಗೆ ಅಮೆರಿಕಾದಲ್ಲಿ ಅಂತರ್ಯುದ್ಧವು ನಡೆದು ಆ ದೇಶದ ಹತ್ತಿಯು ಇಂಗ್ಲೆಂಡಿಗೆ ಬರುವುದು ಕಡಮೆಯಾದಾಗ, ಈ ಚಿಕ್ಕ ರೇವಿನ ಹೆಸರು ಲಿವರ್‌ಪೂಲಿನ ಪೇಟೆಯಲ್ಲಿ ಹತ್ತಿಯ ಒಂದು ಜಾತಿಯ ಹೆಸರೇ ಆಯಿತು. ಕುಮಟೆಯ ನೆಲದಲ್ಲಿ ಬೆಳೆಯದ ಹತ್ತಿಗೆ ಕುಮಟಾ ಹತ್ತಿಯೆಂಬ ಹೆಸರು ನಿಂತುದು ವಾಣಿಜ್ಯದ ವಿನೋದಗಳಲ್ಲೊಂದು. ಹತ್ತಿಯಲ್ಲಿ ಕಲಬೆರಕೆಯು ಮುಂಬಯಿ ಇಲಾಖೆಯಲ್ಲಿ ಎಷ್ಟು ಹೆಚ್ಚಿದ್ದಿತೆಂದರೆ 1863ರಲ್ಲಿ ಅದರ ತಡೆಗಾಗಿ ಪ್ರತ್ಯೇಕವಾದ ಕಾಯಿದೆಯೇ ಹೊರಟಿತು.

1862ರಲ್ಲಿ ಉತ್ತರಕನ್ನಡವು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಕಾರವಾರದ ಬಂದರಕ್ಕೆ ಪ್ರೋತ್ಸಾಹ ದೊರೆಯಿತು. ಆದರೆ ಕುಮಟೆಗೆ ನಿಜವಾದ ಪೆಟ್ಟು ಬಿದ್ದುದು 1880ರ ದಶಕದ ಅಂತ್ಯದಲ್ಲಿ. ರೈಲು ಧಾರವಾಡ, ಹುಬ್ಬಳ್ಳಿಗಳನ್ನು ಮುಟ್ಟಿ ಮರ್ಮಗೋವೆಯ ಬಂದರದೊಡನೆ ಕೂಡಿಸಿದ ಮೇಲೆ ಹತ್ತಿಯು ಘಟ್ಟವಿಳಿದು ಕುಮಟೆಗೆ ಬರಬೇಕಾದ ಪ್ರಯೋಜನವೇ ಉಳಿಯಲಿಲ್ಲ. ವಖಾರಿಗಳು ಬರಿದಾದುವು. ಊರೇಕೆ ಬರಿದಾಗಲಿಲ್ಲ? ಹತ್ತಿಯ ಕಾಲದಲ್ಲಿ ಬಂದು ನೆಲಸಿದ ಮನೆತನಗಳು ವಖಾರಿಯನ್ನು ಬಿಟ್ಟರೂ ಕೇರಿಯನ್ನು ಬಿಡಲಿಲ್ಲ. ಘಟ್ಟದ ಮೇಲಿನ ಅಡಿಕೆಗೆ ಕುಮಟೆಯು ಮಾರುಕಟ್ಟೆಯಾಗಿ ಮುಂದುವರಿಯಿತು; ಗುಡಿಗಾರರ ಗಂಧದ ಕೆತ್ತನೆಯು ನಡೆಯಿತು; ಗಿಬ್ ಹೈಸ್ಕೂಲೂ, ಮುಂದೆ ಡಾ. ಎ. ವಿ. ಬಾಳಿಗಾ ಅವರ ಹೆಸರಿನ ಕಾಲೇಜೂ ಸುತ್ತಲಿನ ಹಳ್ಳಿಗಳ ವಿದ್ಯಾರ್ಥಿಗಳನ್ನು ಊರಿಗೆ ತಂದುವು. ಹತ್ತಿಯ ಅಂಡಿಗೆಗಳು ಬರುತ್ತಿದ್ದ ದಾರಿಯಲ್ಲಿ ಮಕ್ಕಳು ಪುಸ್ತಕಗಳೊಡನೆ ಬಂದರು. ಇದನ್ನು ಯಾವ ಸರಕಾರವೂ ಯಾವ ಕಂಪೆನಿಯೂ ಒಂದೇ ಯೋಜನೆಯಾಗಿ ರೂಪಿಸಲಿಲ್ಲ.

ಬೆಲ್ಮಾರಿನಂಥ ಪ್ರಯತ್ನಗಳನ್ನು ಈ ಹಿನ್ನೆಲೆಯಲ್ಲಿ ಅಲ್ಪವೆಂದೆಣಿಸುವುದು ನ್ಯಾಯವಾಗದು. ಅಲ್ಲಿಯವರು ಕೆಲವೇ ವರ್ಷಗಳಲ್ಲಿ ಮಾಡಿದುದಕ್ಕೆ ಭಟ್ಕಳಕ್ಕೆ ಎರಡು ಶತಮಾನಗಳು ಹಿಡಿದುವು. ಆ ನಡುವೆ ಎಷ್ಟು ಮನೆತನಗಳು ಕೆಟ್ಟುವೆಂಬುದನ್ನು ಯಾವ ಪ್ರವಾಸಿಯೂ ಎಣಿಸಲಿಲ್ಲ. ಆದರೆ ಭೇದವೊಂದು ಇದ್ದೇ ಇದೆ. ಅಲ್ಲಿ ಮೊದಲು ಅಂಗಡಿ, ಅದು ಸತ್ತ ಮೇಲೆ ಮನೆ. ಇಲ್ಲಿ ಅಂಗಡಿಯು ಸಾಯುವಾಗ ಮನೆಯು ಅದರ ಬೆನ್ನಿಗೇ ಇದ್ದಿತು. ಮನೆಯಿಲ್ಲದ ನೆಲಕ್ಕೆ ಮನೆಯನ್ನು ತರುವುದು ಹಣದಿಂದ ಸಾಧ್ಯ. ಇರುವ ಮನೆಯನ್ನು ಕಳೆದುಕೊಳ್ಳದಿರುವುದು ಅದಕ್ಕಿಂತ ಅಗ್ಗ.

ಈ ಭೇದವು ಮೂರು ಊರುಗಳಿಗೂ ಈಗ ಹೊಸ ಅರ್ಥವನ್ನು ಪಡೆದಿದೆ. 1998ರಲ್ಲಿ ಕೊಂಕಣ ರೈಲು ಸಂಪೂರ್ಣವಾಗಿ ತೆರೆದು ಮೂರಕ್ಕೂ ನಿಲ್ದಾಣಗಳು ದೊರೆತುವು. ಹಿಂದೆ 17ನೆಯದೆನಿಸಿ ಈಗ 66ನೆಯದೆನಿಸಿರುವ ರಾಷ್ಟ್ರೀಯ ಹೆದ್ದಾರಿಯ ಅಗಲೀಕರಣವು 2010ರ ದಶಕದಿಂದ ಮೂರನ್ನೂ ಮುಟ್ಟಿದೆ. ಹೆದ್ದಾರಿಯ ಅಂಚಿನ ಹೊಸ ಮಳಿಗೆಗಳು ವಾಹನದಲ್ಲಿ ಬರುವವನನ್ನು ನಂಬಿದುವು. ಹಳೆಯ ಪೇಟೆಯು ನಡೆದು ಬರುವವನನ್ನು ನಂಬಿದುದು. ಕುದುರೆಯೂ ಹತ್ತಿಯೂ ಬಂದಂತೆ ವಾಹನಗಳೂ ಒಂದು ದಾರಿಯಿಂದ ಬರುತ್ತವೆ, ಆ ದಾರಿಯು ತಪ್ಪಿದರೆ ತಾವೂ ತಪ್ಪುತ್ತವೆ. ಹಳೆಯ ಪೇಟೆಯ ಮಾಳಿಗೆಗಳಲ್ಲಿ ಸಂಸಾರಗಳು ಉಳಿದಿವೆಯೋ, ಅಥವಾ ಅವೂ ಸರಕಿನ ಕೋಣೆಗಳಾಗಿ ಮಾರ್ಪಟ್ಟಿವೆಯೋ ಎಂಬುದನ್ನು ಮನೆಮನೆಯಾಗಿ ಎಣಿಸಿ ಬರೆದಿಡುವ ಕಾರ್ಯವನ್ನು ಕರಾವಳಿಯ ಚರಿತ್ರೆಯಲ್ಲಿ ಆಸಕ್ತಿಯುಳ್ಳ ವಿದ್ವಾಂಸರು, ಬುಕಾನನ್ನನು ಮನೆಗಳನ್ನು ಎಣಿಸಿದ ಭಟ್ಕಳದಿಂದಲೇ, ಕೈಗೊಳ್ಳಬಹುದಾಗಿದೆ.